ಪಿಕಪ್ಪಿಗೆ ದೊಡ್ಡ ಟಯರ್ ಹಾಕ್ಸೋರು ಘಾಟಿ ಇಳಿಯೋದನ್ನೂ ಲೆಕ್ಕ ಹಾಕ್ಲಿ

ಸಂಪಾದಕರಿಗೆ ನಮಸ್ಕಾರ,

ಅಡಿಕೆ ಮಾರಿದ ದುಡ್ಡು ಕೈಗೆ ಬರ್ತಿದ್ದಂಗೆ ನಮ್ಮ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಪಿಕಪ್ ಇಟ್ಕೊಂಡಿರೋ ಹುಡುಗರು ಮೊದ್ಲು ಓಡೋದು ಟಯರ್ ಅಂಗಡಿಗೆ. ಕಂಪನಿ ಕೊಟ್ಟ ಟಯರ್ ತೆಗ್ಸಿ ದಪ್ಪದ್ದು, ಎತ್ತರದ್ದು ಹಾಕ್ಸೋದು, ಜೊತೆಗೆ ಹೊರಗಡೆ ಚಾಚ್ಕೊಂಡಿರೋ ಅಗಲದ ರಿಮ್ಮು. ಶೋಕಿಗೆ ಅಂತ ತಗೊಂಡಿರೋ ಬಿಳಿ ಬೋರ್ಡ್ ಗಾಡಿಗಳವರು ಮಾಡಿದ್ರೆ ಅದು ಬೇರೆ ಮಾತು, ಈಗ ಅಡಿಕೆ ಚೀಲ, ಶುಂಠಿ, ಗೊಬ್ಬರ, ಸಿಮೆಂಟು ಹೊರೋ ಹಳದಿ ಬೋರ್ಡ್ ಪಿಕಪ್‌ಗಳಿಗೂ ಇದೇ ನಡೀತಿದೆ. ನಾನು ರಿಪ್ಪನ್‌ಪೇಟೆ ಕಡೆ ಸಣ್ಣ ಗ್ಯಾರೇಜ್ ಇಟ್ಕೊಂಡಿರೋನು, ಈ ಗಾಡಿಗಳ ಬ್ರೇಕು ಬೇರಿಂಗು ಕ್ಲಚ್ಚು ಬಿಚ್ಚೋದೇ ನನ್ನ ಕೆಲಸ, ಹಂಗಾಗಿ ಈ ವಿಷಯದಲ್ಲಿ ನನಗೆ ಗೊತ್ತಿರೋದನ್ನ ನಿಮ್ಮ ಪತ್ರಿಕೆ ಮೂಲಕ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸ್ತು.

ಮೊದ್ಲೇ ಹೇಳ್ಬಿಡ್ತೀನಿ, ದೊಡ್ಡ ಟಯರ್ ಹಾಕ್ಸೋರೆಲ್ಲ ತಲೆ ಇಲ್ಲದೋರು ಅಂತ ನಾನು ಹೇಳ್ತಿಲ್ಲ. ನಮ್ಮ ತೋಟದ ರಸ್ತೆಗಳು ಹೆಂಗಿದಾವೆ ಅಂತ ಎಲ್ರಿಗೂ ಗೊತ್ತು. ಎರಡು ಕಡೆ ಚಕ್ರದ ಗುಂಡಿ, ಮಧ್ಯ ದಿಬ್ಬ, ಆ ದಿಬ್ಬಕ್ಕೆ ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರದ ನಡುವೆ ಗೇರು, ಆಕ್ಸಲ್ ಕೂತಿರೋ ಕಬ್ಬಿಣದ ಗೂಡು) ಹೊಡೆದು ಹೊಡೆದು ಆಯಿಲ್ ಸೋರೋ ಗಾಡಿಗಳು ನನ್ನ ಹತ್ರ ಎಷ್ಟೋ ಬಂದಿದಾವೆ. ಇನ್ನೊಂದು ಸತ್ಯ ಏನಂದ್ರೆ ಪಿಕಪ್ಪಿನ ಹಿಂದಿನ ಹೌಸಿಂಗನ್ನ ನೆಲದಿಂದ ಮೇಲೆತ್ತೋಕೆ ಟಯರ್ ಬಿಟ್ರೆ ಬೇರೆ ದಾರಿ ಇಲ್ಲ, ಪ್ಲೇಟ್ ಸೆಟ್ಟಿಗೆ (ಪಟ್ಟಿ ಸ್ಪ್ರಿಂಗಿಗೆ) ಬ್ಲಾಕ್ ಕೊಟ್ಟು ಬಾಡಿ ಎಷ್ಟೇ ಮೇಲೆತ್ತಿದ್ರೂ ಹೌಸಿಂಗ್ ಇದ್ದಲ್ಲೇ ಇರುತ್ತೆ ಯಾಕಂದ್ರೆ ಅದು ಚಕ್ರದ ಮಧ್ಯಕ್ಕೆ ಕೂತಿರೋದು. ಹಂಗಾಗಿ ಆ ಆಸೆ ನನಗೆ ಅರ್ಥ ಆಗುತ್ತೆ. ಆದ್ರೆ ಅದಕ್ಕೆ ಏನು ಬೆಲೆ ಕೊಡ್ತಿದೀವಿ ಅನ್ನೋದನ್ನ ಅಂಗಡಿಯೋರು ಹೇಳಲ್ಲ, ಹಾಕ್ಸೋರು ಕೇಳಲ್ಲ, ನನ್ನ ತಕರಾರು ಅದು.

ಒಂದು ಲೆಕ್ಕ ಕೊಡ್ತೀನಿ. ನಮ್ಮ ಕಡೆ ಬೊಲೆರೋ ಜಾತಿ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣೋ ಸೈಜು 215/75 ಆರ್15. ಅಂದ್ರೆ ಟಯರ್ ಅಗಲ 215 ಮಿಲಿಮೀಟರ್, ಪಕ್ಕದ ಗೋಡೆ ಆ ಅಗಲದ ನೂರಕ್ಕೆ 75 ಪಾಲು, ರಿಮ್ಮು 15 ಇಂಚು. ಕೂಡಿಸಿದ್ರೆ ಪೂರ್ತಿ ಟಯರ್ ಎತ್ತರ ಸುಮಾರು 703 ಮಿಲಿಮೀಟರ್ ಬರುತ್ತೆ. ಅದರ ಜಾಗಕ್ಕೆ ಹುಡುಗರು ಕೇಳೋದು 31 ಇಂಚಿನ ಟಯರ್ರು, 31x10.5 ಆರ್15 ಅಂತ ಬರೆದಿರುತ್ತೆ, ಅದರ ಎತ್ತರ ಲೆಕ್ಕದಲ್ಲಿ 787 ಮಿಲಿಮೀಟರ್. ವ್ಯತ್ಯಾಸ 84. ಅಯ್ಯೋ ಮೂರು ಇಂಚಿನ ಮೇಲೆ ಸಿಕ್ತಲ್ಲ ಅಂತ ಖುಷಿ ಪಡ್ತಾರೆ, ಆದ್ರೆ ಹೌಸಿಂಗಿಗೆ ಸಿಗೋದು ಅದರ ಅರ್ಧ ಮಾತ್ರ, 42 ಮಿಲಿಮೀಟರ್, ಒಂದೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ, ಉಳಿದರ್ಧ ಚಕ್ರದ ನಡುವಿಂದ ಮೇಲಕ್ಕೆ ಹೋಗುತ್ತೆ, ಅಲ್ಲಿ ಮಡ್‌ಗಾರ್ಡಿಗೆ ತಾಗೋಕೆ ಶುರು ಮಾಡುತ್ತೆ. ಈ 42 ಮಿಲಿಮೀಟರಿಗೋಸ್ಕರ ಗಾಡಿಯ ಗೇರು, ಬ್ರೇಕು, ಮೀಟರು ಮೂರೂ ನೂರಕ್ಕೆ 10-12ರಷ್ಟು ಏರುಪೇರು ಆಗುತ್ತೆ.

ಹೆಂಗೆ ಅಂದ್ರೆ, ಟಯರ್ ದೊಡ್ಡದಾದಷ್ಟೂ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತೆ. ಕಂಪನಿ ಟಯರ್ ಒಂದು ಕಿಲೋಮೀಟರಿಗೆ ಸುಮಾರು 452 ಸುತ್ತು ತಿರುಗಿದ್ರೆ 31 ಇಂಚಿನದ್ದು 404 ಸುತ್ತು. ಮೀಟರಿಗೆ ಸುತ್ತು ಎಣಿಸೋದು ಮಾತ್ರ ಗೊತ್ತು, ಟಯರ್ ಬದಲಾಗಿದ್ದು ಅದಕ್ಕೆ ಗೊತ್ತಾಗಲ್ಲ. ಚಕ್ರದ ಸುತ್ತಿನ ಲೆಕ್ಕದಲ್ಲಿ 60 ಅಂತ ತೋರಿಸೋವಾಗ ಗಾಡಿ ನಿಜವಾಗಿ 67ರ ಹತ್ರ ಓಡ್ತಿರುತ್ತೆ. ಹಳದಿ ಬೋರ್ಡ್ ಗಾಡಿಗೆ 80ಕ್ಕೆ ಸ್ಪೀಡ್ ಗವರ್ನರ್ ಕೂರಿಸಿರ್ತಾರೆ, ಅದೂ ಅದೇ ಸುತ್ತು ನಂಬ್ಕೊಂಡೇ ಕೆಲಸ ಮಾಡೋದು, ಹಂಗಾಗಿ 80ಕ್ಕೆ ಕಟ್ ಆಗಬೇಕಾದ ಗಾಡಿ 89ರ ತನಕ ಹೋಗುತ್ತೆ. ಸಾವಿರ ಕಿಲೋಮೀಟರ್ ಓಡಿದ್ರೆ ಮೀಟರಲ್ಲಿ 894 ಅಂತ ಬರುತ್ತೆ, ಆಮೇಲೆ "ಅಣ್ಣಾ ಟಯರ್ ಹಾಕ್ಸಿದ್ಮೇಲೆ ಮೈಲೇಜ್ ಪೂರ್ತಿ ಬಿದ್ದೋಯ್ತು" ಅಂತ ಬರ್ತಾರೆ, ಅದರಲ್ಲಿ ಸ್ವಲ್ಪ ಮೀಟರ್ ಲೆಕ್ಕದ್ದು, ಸ್ವಲ್ಪ ನಿಜವಾಗ್ಲೂ ಬಿದ್ದಿದ್ದು, ಯಾಕಂದ್ರೆ ಭಾರದ ಟಯರ್ ಎಳೆಯೋಕೆ ಡೀಸೆಲ್ ಜಾಸ್ತಿ ಬೇಕೇ ಬೇಕು.

ಏರಿನ ಕಥೆ ನೋಡಿ. ಇಂಜಿನ್ ಕೊಡೋ ಶಕ್ತಿ ಅಷ್ಟೇ, ಗೇರ್‌ಬಾಕ್ಸ್ ಅದೇ, ಹೌಸಿಂಗ್ ಒಳಗೆ ಚಕ್ರ ತಿರುಗಿಸೋ ಗೇರು, ಅಂದ್ರೆ ಕ್ರೌನ್ ಪಿನಿಯನ್ನೂ ಅದೇ. ಟಯರ್ ಮಾತ್ರ ದೊಡ್ಡದಾದ್ರೆ ನೆಲದ ಮೇಲೆ ಬೀಳೋ ಎಳೆತ ನೂರಕ್ಕೆ ಹತ್ತರ ಮೇಲೆ ಕಡಿಮೆ ಆಗುತ್ತೆ. ಲೋಡ್ ಹಾಕ್ಕೊಂಡು ತೋಟದಿಂದ ಏರು ಹತ್ತೋವಾಗ ಫಸ್ಟ್ ಗೇರಲ್ಲೂ ಗಾಡಿ ಒದ್ದಾಡುತ್ತೆ, ಡ್ರೈವರ್ ಏನ್ಮಾಡ್ತಾನೆ, ಅರ್ಧ ಕ್ಲಚ್ಚಲ್ಲಿ ಎಳೆಸ್ತಾನೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಇಡೀ ಗುಡ್ಡಕ್ಕೆ ಬರುತ್ತೆ. ಹೊರದೇಶಗಳಲ್ಲಿ ಇಷ್ಟು ದೊಡ್ಡ ಟಯರ್ ಹಾಕ್ಸೋರು ಅದಕ್ಕೆ ತಕ್ಕಂಗೆ ಕ್ರೌನ್ ಪಿನಿಯನ್ ಹಲ್ಲಿನ ಲೆಕ್ಕಾನೂ ಬದಲಾಯಿಸ್ತಾರೆ, ಆಗ ಎಳೆತ ವಾಪಸ್ ಬರುತ್ತೆ. ನಮ್ಮಲ್ಲಿ ಆ ಖರ್ಚು ಮಾಡೋರನ್ನ ನಾನು ಕಂಡಿಲ್ಲ.

ಆದ್ರೆ ಏರು ಹತ್ತದಿದ್ರೆ ಗಾಡಿ ನಿಲ್ಲುತ್ತೆ, ಅಷ್ಟೇ. ಇಳಿಯೋವಾಗ ನಿಲ್ಲದಿದ್ರೆ ಏನಾಗುತ್ತೆ ಅನ್ನೋದು ನಾನು ಈ ಪತ್ರ ಬರೆಯೋಕೆ ಕಾರಣ. ಬ್ರೇಕಿನ ಡಿಸ್ಕು ಡ್ರಮ್ಮು ಹಳೇದೇ, ಡ್ರಮ್ಮಿಗೆ ಒತ್ತಿ ಹಿಡಿಯೋ ಲೈನರ್ ಹಳೇದೇ, ಚಕ್ರ ಮಾತ್ರ ದೊಡ್ಡದು. ಉದ್ದದ ಕೋಲಿಂದ ತಿರುಗಿಸೋನನ್ನ ಗಿಡ್ಡ ಕೋಲು ಹಿಡಿದು ತಡೆಯೋ ಹಂಗೆ ಆಗುತ್ತೆ. ಅದೇ ಪೆಡಲ್ ಅದೇ ಜೋರಲ್ಲಿ ಒತ್ತಿದ್ರೆ ನೆಲಕ್ಕೆ ಸಿಗೋ ಹಿಡಿತ ನೂರಕ್ಕೆ ಹತ್ತರ ಮೇಲೆ ಕಡಿಮೆ, ಹಂಗಾಗಿ ಇನ್ನೂ ಜೋರಾಗಿ ಒತ್ತಬೇಕು, ಬ್ರೇಕ್ ಇನ್ನೂ ಬೇಗ ಕಾಯುತ್ತೆ. ಜೊತೆಗೆ ಇಂಜಿನ್ ಬ್ರೇಕಿಂಗ್ (ಗೇರಲ್ಲಿದ್ದಾಗ ಇಂಜಿನ್ನೇ ಗಾಡಿನ ತಡೆಯೋದು) ಕೂಡ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಹಿರಿಯ ಡ್ರೈವರ್‌ಗಳು ಹೇಳ್ಕೊಟ್ಟಿರೋದು ಏನು, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಅಂತ. ದೊಡ್ಡ ಟಯರ್ ಹಾಕಿದ್ಮೇಲೆ ಅದೇ ಸೆಕೆಂಡ್ ಗೇರಲ್ಲಿ ಗಾಡಿ ಮೊದಲಿಗಿಂತ ಜೋರಾಗಿ ಇಳಿಯುತ್ತೆ, ಡ್ರೈವರ್ ಕಾಲು ಬ್ರೇಕ್ ಮೇಲೇ ಇರುತ್ತೆ. ಆಗುಂಬೆ ಘಾಟಿಲಿ 14 ತಿರುವು ಇದಾವೆ, ಸೋಮೇಶ್ವರ ಮುಟ್ಟೋ ತನಕ ಒಂದಾದ್ಮೇಲೊಂದು, ಹುಲಿಕಲ್ ಕಡೆ ಇಳಿಯೋದೂ ಸುಲಭದ್ದಲ್ಲ. ಕರಾವಳಿಗೆ ಲೋಡ್ ತಗೊಂಡು ಇಳಿಯೋ ಗಾಡಿಯ ಹಿಂದಿನ ಡ್ರಮ್ಮು ಕೈ ಇಡೋಕಾಗದಷ್ಟು ಬಿಸಿ ಆಗಿರುತ್ತೆ. ಡ್ರಮ್ ಒಂದು ಮಟ್ಟಕ್ಕಿಂತ ಕಾದ್ರೆ ಲೈನರ್ ಹಿಡಿಯೋದೇ ಬಿಡುತ್ತೆ, ಪೆಡಲ್ ಒತ್ತಿದ್ರೂ ಗಾಡಿ ನಿಲ್ಲಲ್ಲ, ಇದು ಯಾವ ಡ್ರೈವರಿಗೂ ಒಂದು ಸಲಾನೂ ಅನುಭವ ಆಗಬಾರದು. ಸಂಜೆ ಹೊತ್ತು ಅದೇ ಪಿಕಪ್ಪಿನ ಹಿಂದೆ ತೋಟದ ಕೆಲಸದೋರು ಕೂತಿರ್ತಾರೆ. ಹಂಗೆ ಕೂರಿಸೋದೇ ತಪ್ಪು, ಅದು ಎಲ್ರಿಗೂ ಗೊತ್ತು, ಆದ್ರೆ ಕೂತಿರೋದಂತೂ ನಿಜ.

ಇನ್ನು ಅಗಲದ ಮಾತು. ಅಗಲ ಜಾಸ್ತಿ ಆದ್ರೆ ಹಿಡಿತ ಜಾಸ್ತಿ ಅನ್ನೋದು ಒಣ ಡಾಂಬರಿಗೆ ಸರಿ ಇರಬಹುದು. ನಮ್ಮ ಊರಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ರಸ್ತೆ ಮೇಲೆ ನೀರು ಹರೀತಿರುತ್ತೆ, ಆಗುಂಬೆ ಅಂತೂ ಏಳು ಸಾವಿರ ಮಿಲಿಮೀಟರ್ ದಾಟೋ ಮಳೆ ಸೀಮೆ. ನಿಂತ ನೀರಿನ ಮೇಲೆ ಜೋರಾಗಿ ಹೋದಾಗ ಅಗಲದ ಟಯರ್ ನೀರನ್ನ ಸೀಳೋದಕ್ಕಿಂತ ಅದರ ಮೇಲೆ ತೇಲೋದೇ ಜಾಸ್ತಿ, ಲೋಡ್ ಇಲ್ಲದ ಖಾಲಿ ಪಿಕಪ್ಪಂತೂ ಹಿಂದಿನ ಭಾಗ ಹಗುರ ಇರೋದ್ರಿಂದ ತಿರುವಲ್ಲಿ ಹಿಂದಿನಿಂದ ಜಾರಿ ಅಡ್ಡಡ್ಡ ನಿಲ್ಲುತ್ತೆ. ಅದರ ಮೇಲೆ ಹುಡುಗರು ಇಷ್ಟ ಪಡೋದು ದೊಡ್ಡ ದೊಡ್ಡ ಬಟನ್ ಇರೋ ಮಡ್ ಟಯರ್ರು. ಕೆಸರಲ್ಲಿ ಅದು ಒಳ್ಳೇದೇ, ಆದ್ರೆ ಒದ್ದೆ ಡಾಂಬರ್ ಮೇಲೆ ನೆಲಕ್ಕೆ ತಾಗೋ ರಬ್ಬರೇ ಕಡಿಮೆ, ಬ್ರೇಕ್ ಹಾಕಿದಾಗ ನಿಲ್ಲೋ ದೂರ ಜಾಸ್ತಿ ಆಗುತ್ತೆ.

ಕೆಸರಿನ ವಿಷಯದಲ್ಲೂ ನಮ್ಮ ಹಳಬರ ಜೀಪುಗಳನ್ನ ನೆನಪಿಸ್ಕೊಳ್ಳಿ. ಹಳೇ ಜೀಪಿನ ಟಯರ್ ಸೈಜು 6.00-16, ಅಂದ್ರೆ ಅಗಲ ಬರೀ ಆರಿಂಚು. ಮಳೆಗಾಲ ಬಂದ್ರೆ ಹಿಂದಿನ ಚಕ್ರಕ್ಕೆ ಚೈನ್ ಸುತ್ತಿ, ಫೋರ್‌ವೀಲ್ ಹಾಕ್ಕೊಂಡು, ಈಗಿನ ಗಾಡಿಗಳು ಹೆದರೋ ಏರನ್ನ ಹತ್ತಿಸ್ತಿದ್ರು, ಈಗಲೂ ಕೆಲವು ಎಸ್ಟೇಟಲ್ಲಿ ಹತ್ತಿಸ್ತಾರೆ. ಯಾಕಂದ್ರೆ ನಮ್ಮಲ್ಲಿ ಸುಮಾರು ಕಡೆ ಮೇಲೆ ಒಂದು ಪದರ ಕೆಮ್ಮಣ್ಣಿನ ರಾಡಿ, ಅದರ ಕೆಳಗೆ ಜಂಬಿಟ್ಟಿಗೆ ಗಟ್ಟಿ ನೆಲ. ಸಪೂರ ಟಯರ್ ಆ ರಾಡಿ ಕೊಯ್ಕೊಂಡು ಗಟ್ಟಿ ನೆಲ ಹಿಡಿಯುತ್ತೆ, ಅಗಲದ ಟಯರ್ ರಾಡಿ ಮೇಲೇ ಸೋಪಿನ ಮೇಲೆ ನಿಂತಂಗೆ ಸುತ್ತುತ್ತೆ. ಮರಳು, ಆಳದ ಗದ್ದೆ ಕೆಸರು ಅಂತಾದ್ರೆ ಅಗಲದ್ದೇ ಬೇಕು, ಒಪ್ತೀನಿ, ಆದ್ರೆ ಅಡಿಕೆ ತರೋಕೆ ಗದ್ದೆ ಮಧ್ಯ ಯಾರೂ ಪಿಕಪ್ ಓಡಿಸಲ್ಲ.

ರಿಮ್ಮಿನ ಬಗ್ಗೆ ಎರಡು ಮಾತು. ಟಯರ್ ಎತ್ತರ ಹೆಚ್ಚು ಮಾಡೋದು ಬೇರೆ, ಬರೀ ರಿಮ್ ದೊಡ್ಡದು ಮಾಡೋದು ಬೇರೆ. 15-16 ಇಂಚಿನ ರಿಮ್ ತೆಗೆದು 18, 20 ಇಂಚಿನ ಅಲಾಯ್ ಹಾಕಿ ಒಟ್ಟು ಎತ್ತರ ಅಷ್ಟೇ ಇಟ್ರೆ ಪಕ್ಕದ ರಬ್ಬರ್ ಗೋಡೆ ತೆಳ್ಳಗಾಗುತ್ತೆ, ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆ ಗುಂಡಿಗೆ ಬಿದ್ರೆ ರಿಮ್ ಬೆಂಡ್ ಆಗುತ್ತೆ, ಇಲ್ಲ ಸೀಳುತ್ತೆ. ನೋಡೋಕೆ ಚೆಂದ, ಮಲೆನಾಡಿಗಲ್ಲ. ಇನ್ನು ಆಫ್‌ಸೆಟ್ (ರಿಮ್ಮಿನ ನಡುವಿಂದ ಹಬ್ಬಿಗೆ ಕೂರೋ ಜಾಗಕ್ಕಿರೋ ದೂರ) ಬೇರೆ ಇರೋ ರಿಮ್ಮು, ಇಲ್ಲಾಂದ್ರೆ ಹಬ್ಬಿಗೆ ಸ್ಪೇಸರ್ ಕೊಟ್ಟು ಚಕ್ರ ಹೊರಗೆ ತಳ್ಳೋದು, ಇದರಿಂದ ಭಾರ ಬೇರಿಂಗಿನ ಮೇಲೆ ಓರೆಯಾಗಿ ಬೀಳುತ್ತೆ, ಸ್ಟೇರಿಂಗ್ ಗುಂಡಿ ಸಿಕ್ಕಾಗೆಲ್ಲ ಕೈಯಿಂದ ಕಿತ್ಕೊಳ್ಳುತ್ತೆ, ಬಾಲ್ ಜಾಯಿಂಟ್ ಟೈ ರಾಡ್ ಎಂಡ್ ಬೇಗ ಹೋಗುತ್ತೆ. ಮಡ್‌ಗಾರ್ಡಿಂದ ಆಚೆ ಚಾಚಿರೋ ಟಯರ್ ಕಲ್ಲು, ರಾಡಿ ನೀರನ್ನ ಎಲ್ಲಿಗೆ ಎರಚುತ್ತೆ ಗೊತ್ತಾ, ಕೊಡೆ ಹಿಡ್ಕೊಂಡು ರಸ್ತೆ ಬದಿಲಿ ಶಾಲೆಗೆ ಹೋಗೋ ಮಕ್ಕಳ ಮೈಗೆ, ಹಿಂದೆ ಬರೋ ಬೈಕಿನೋರ ಮುಖಕ್ಕೆ. ನನಗೆ ತುಂಬ ಸಿಟ್ಟು ಬರೋ ವಿಷಯ ಅದು.

ಹಳದಿ ಬೋರ್ಡಿನೋರು ಟಯರ್ ಮೇಲೆ ಬರೆದಿರೋ ಲೋಡ್ ಇಂಡೆಕ್ಸ್ ನೋಡಬೇಕು, ಇದನ್ನ ನೂರಕ್ಕೆ ತೊಂಬತ್ತು ಜನ ನೋಡಲ್ಲ ಅಂತ ನನಗೆ ಅನ್ಸುತ್ತೆ. ಸೈಜಿನ ಪಕ್ಕ ಒಂದು ನಂಬರು ಒಂದು ಅಕ್ಷರ ಇರುತ್ತೆ. 100 ಅಂತಿದ್ರೆ ಆ ಒಂದು ಟಯರ್ ಹೊರೋದು 800 ಕೆಜಿ, 104 ಅಂದ್ರೆ 900, 108 ಅಂದ್ರೆ ಸಾವಿರ. ಹಿಂದಿನ ಎರಡು ಟಯರ್ ಸೇರಿ ಎಷ್ಟು ಹೊರುತ್ತೆ, ಗಾಡಿಯ ಹಿಂದಿನ ಆಕ್ಸಲ್ ಭಾರ ಲೋಡ್ ಸಮೇತ ಎಷ್ಟು, ಇದನ್ನ ಕೂಡಿಸಿ ನೋಡಿ. ಪಿಕಪ್ಪಿಗೆ ಕಂಪನಿ ಕೊಡೋದು ಲೋಡ್ ಹೊರೋಕೆ ಅಂತ ಮಾಡಿದ ಗಟ್ಟಿ ಪ್ಲೈ ಟಯರ್ರು, ಅದನ್ನ ತೆಗೆದು ಜೀಪ್ ಕಾರಿಗೆ ಅಂತ ಮಾಡಿದ ಅಗಲದ ಟಯರ್ ಹಾಕಿದ್ರೆ ನೋಡೋಕೆ ದಪ್ಪಗಿರುತ್ತೆ, ಹೊರೋ ತಾಕತ್ತು ಹಳೇದಕ್ಕಿಂತ ಕಡಿಮೆ ಇರಬಹುದು. ಗಾಳಿ ಲೆಕ್ಕಾನೂ ಅಷ್ಟೇ, ಬಾಗಿಲ ಹತ್ರ ಅಂಟಿಸಿರೋ ಚೀಟಿಲಿರೋದು ಕಂಪನಿ ಸೈಜಿನ ಟಯರಿಗೆ, ಬೇರೆ ಸೈಜಿಗೆ ಅದೇ ಗಾಳಿ ಸರಿ ಹೋಗುತ್ತೆ ಅಂತಿಲ್ಲ.

ಸ್ಟೆಪ್ನಿ ಮರೀಬೇಡಿ. ನಾಲ್ಕು ಚಕ್ರ ದೊಡ್ಡದು ಮಾಡಿಸಿ ಸ್ಟೆಪ್ನಿ ಮಾತ್ರ ಹಳೇ ಸೈಜಲ್ಲೇ ಬಿಟ್ಟಿರೋ ಗಾಡಿಗಳು ಬೇಕಾದಷ್ಟು, ಯಾಕಂದ್ರೆ ಚಾಸಿ ಕೆಳಗಿನ ಜಾಗದಲ್ಲಿ ದೊಡ್ಡದು ಕೂರಲ್ಲ, ಐದನೇ ಟಯರಿಗೆ ದುಡ್ಡೂ ಬೇಕು. ಪಂಕ್ಚರ್ ಆದಾಗ ಹಿಂದಿನ ಒಂದು ಕಡೆ ದೊಡ್ಡದು ಒಂದು ಕಡೆ ಚಿಕ್ಕದು ಹಾಕ್ಕೊಂಡು ಓಡಿಸಿದ್ರೆ ಹೌಸಿಂಗ್ ಒಳಗೆ ಎರಡು ಚಕ್ರಕ್ಕೂ ಬೇರೆ ಬೇರೆ ವೇಗ ಬಿಡೋ ಡಿಫರೆನ್ಷಿಯಲ್ ಹಲ್ಲುಗಳು ನೇರ ರಸ್ತೇಲೂ ತಿರುವಲ್ಲಿ ತಿರುಗಿದಂಗೆ ತಿರುಗ್ತಾನೇ ಇರುತ್ತೆ, ಸ್ವಲ್ಪ ದೂರಕ್ಕೆ ಪರವಾಗಿಲ್ಲ, ದಿನಗಟ್ಟಲೆ ಓಡಿಸಿದ್ರೆ ತಿನ್ನುತ್ತೆ. ಫೋರ್‌ವೀಲ್ ಗಾಡಿಲಿ ಹಂಗೆ ಹಾಕ್ಕೊಂಡು ಡಾಂಬರ್ ಮೇಲೆ ಫೋರ್‌ವೀಲ್ ಎಳೆದ್ರೆ ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸೇ ಬಿಗಿದುಕೊಳ್ಳುತ್ತೆ.

ಕಾನೂನು ಏನು ಹೇಳುತ್ತೆ ಅನ್ನೋದೂ ಗೊತ್ತಿರ್ಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಲಿರೋ ವಿವರಕ್ಕೂ ವ್ಯತ್ಯಾಸ ಆಗೋ ಹಂಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019ರ ಜನವರಿಲಿ ಸುಪ್ರೀಂ ಕೋರ್ಟೂ ಕೇರಳದ ಒಂದು ಕೇಸಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳ್ತು. ಅದೇ ವರ್ಷದ ತಿದ್ದುಪಡಿಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲಾಂದ್ರೆ ಆರು ತಿಂಗಳ ತನಕ ಜೈಲು, ಇಲ್ಲ ಎರಡೂ ಅಂತ ಬಂತು. ಸರಕು ಗಾಡಿ ರಿಜಿಸ್ಟರ್ ಮಾಡೋ ಅರ್ಜಿಲೇ ಟಯರ್ ಸೈಜಿಗೆ ಅಂತ ಕಾಲಮ್ ಇದೆ. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸಿನೋರು ಗಾಡಿ ನೋಡೋಕೆ ಬರ್ತಾರಲ್ಲ, ಹೇಳದೇ ಮಾಡಿಸಿರೋ ಬದಲಾವಣೆ ಕಂಡ್ರೆ ಕ್ಲೇಮಿಗೆ ತಕರಾರು ತೆಗೆಯೋಕೆ ಅವರಿಗೆ ಅಷ್ಟು ಸಾಕು.

ಹಳದಿ ಬೋರ್ಡ್ ಗಾಡಿ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾ ವರ್ಷಾ ಎಫ್‌ಸಿಗೆ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟಿಗೆ) ಹೋಗ್ಲೇಬೇಕು. ಎಫ್‌ಸಿ ದಿನ ಹಳೇ ಟಯರ್ ಹಾಕ್ಕೊಂಡು ಹೋಗಿ, ವಾಪಸ್ ಬಂದು ದೊಡ್ಡದು ಹಾಕ್ಸೋದು ನಡೆಯುತ್ತೆ, ಇದು ಎಲ್ಲಾ ಗ್ಯಾರೇಜಿನೋರಿಗೂ ಗೊತ್ತಿರೋ ಗುಟ್ಟು. ಹಂಗಾಗಿ ಆರ್‌ಟಿಓದವರಲ್ಲಿ ನನ್ನ ಮನವಿ ಏನಂದ್ರೆ ಬರೀ ಆಫೀಸಲ್ಲಿ ನೋಡೋದು ಸಾಲಲ್ಲ, ಅಡಿಕೆ ಸೀಸನ್ನಲ್ಲಿ ಘಾಟಿ ಮೇಲ್ಗಡೆ ಗಾಡಿ ನಿಲ್ಸಿ ಟಯರ್ ಸೈಜು, ಲೋಡ್ ಇಂಡೆಕ್ಸು, ಡ್ರಮ್ ಬಿಸಿ ನೋಡಿ. ಮೊದಲನೇ ಸಲ ದಂಡ ಬರೆಯೋ ಮುಂಚೆ ಡ್ರೈವರನ್ನ ಪಕ್ಕಕ್ಕೆ ಕರೆದು ಹತ್ತು ನಿಮಿಷ ಅರ್ಥ ಆಗೋ ಹಂಗೆ ಹೇಳಿ, ಎಷ್ಟೋ ಜನ ಗೊತ್ತಿಲ್ಲದೇ ಮಾಡಿಸಿರ್ತಾರೆ, ಗೊತ್ತಾದ್ರೆ ಬಿಡ್ತಾರೆ. ಟಯರ್ ಅಂಗಡಿಯೋರಿಗೆ ಹೇಳೋದು, ಗಿರಾಕಿ ಕೇಳಿದ ಅಂತ ಹಾಕಿ ಕಳಿಸ್ಬೇಡಿ ಮಾರಾಯ್ರೆ, ಬಿಲ್ಲಲ್ಲಿ ಹಳೇ ಸೈಜು ಹೊಸ ಸೈಜು ಎರಡೂ ಬರೀರಿ, ಲೋಡ್ ಇಂಡೆಕ್ಸ್ ಬರೀರಿ, ಸ್ಟೇರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ ಒಂದು ಚಕ್ರ ದಿಬ್ಬ ಹತ್ತಿಸಿ ಎಲ್ಲೂ ತಾಗಲ್ಲ ಅಂತ ನೋಡಿ ಆಮೇಲೆ ಗಾಡಿ ಕೊಡಿ.

ಹಂಗಾದ್ರೆ ತೋಟದ ರಸ್ತೆಗೆ ಏನ್ಮಾಡೋದು ಅಂತ ಕೇಳ್ತೀರಿ. ನನ್ನ ಹತ್ರ ಬರೋರಿಗೆ ನಾನು ಹೇಳೋದು, ಕಂಪನಿ ಸೈಜಲ್ಲೇ ಒಳ್ಳೇ ಆಲ್ ಟೆರೇನ್ (ಮಣ್ಣು, ಡಾಂಬರ್ ಎರಡಕ್ಕೂ ಆಗೋ) ಟಯರ್, ಲೋಡ್ ಇಂಡೆಕ್ಸ್ ಹಳೇದಕ್ಕಿಂತ ಕಡಿಮೆ ಇಲ್ಲದ್ದು ಹಾಕ್ಸಿ, ಅರ್ಧಕ್ಕರ್ಧ ತೊಂದರೆ ಅಲ್ಲೇ ಹೋಗುತ್ತೆ. ಎತ್ತರ ಬೇಕೇ ಬೇಕು ಅನ್ನೋರು ನಿಮ್ಮ ಗಾಡಿಯ ಮಾಡೆಲ್ಲಿಗೇ ಕಂಪನಿ ಒಪ್ಪಿರೋ ಬೇರೆ ಸೈಜ್ ಇದೆಯಾ ಅಂತ ಶೋರೂಮಲ್ಲಿ ಲಿಖಿತವಾಗಿ ಕೇಳಿ ತಗೊಳ್ಳಿ. ಒಟ್ಟು ಎತ್ತರದ ವ್ಯತ್ಯಾಸ ನೂರಕ್ಕೆ ಮೂರು ದಾಟಬಾರದು ಅನ್ನೋದು ಈ ಕೆಲಸದೋರು ಪಾಲಿಸ್ಕೊಂಡು ಬಂದಿರೋ ಲೆಕ್ಕ, 215/75ರಿಂದ 225/75ಕ್ಕೆ ಹೋದ್ರೆ ಎರಡು ಚಿಲ್ಲರೆ ಬರುತ್ತೆ, 235/75ಕ್ಕೆ ಹೋದ್ರೇ ನಾಲ್ಕು ದಾಟುತ್ತೆ, 31 ಇಂಚು ಅಂದ್ರೆ ಹನ್ನೆರಡು. ಮೂರರ ಒಳಗಿದ್ರೂ ಆರ್‌ಟಿಓ, ಇನ್ಶೂರೆನ್ಸ್ ಎರಡು ಕಡೆ ಕೇಳಿಯೇ ಹಾಕ್ಸಿ. ಘಾಟಿ ಇಳಿಯೋ ಗಾಡಿ ಆದ್ರೆ ಟಯರಿಗಿಟ್ಟ ದುಡ್ಡಲ್ಲಿ ಸ್ವಲ್ಪ ಬ್ರೇಕ್ ಲೈನರಿಗೆ, ಬ್ರೇಕ್ ಆಯಿಲ್ ಬದಲಾಯಿಸೋಕೆ ಇಡಿ.

ಕೊನೆಗೆ ಪಂಚಾಯ್ತಿಯೋರಿಗೆ ಮತ್ತು ಲೋಕೋಪಯೋಗಿ ಇಲಾಖೆಯೋರಿಗೂ ಒಂದು ಮಾತು ಹೇಳ್ಬೇಕು. ಈ ಹುಡುಗರು ದೊಡ್ಡ ಟಯರ್ ಕೇಳೋದಕ್ಕೆ ಅರ್ಧ ಕಾರಣ ನಮ್ಮ ರಸ್ತೆಗಳು. ಮಣ್ಣಿನ ರಸ್ತೆಗೆ ಡಾಂಬರ್ ಹಾಕೋಕೆ ದುಡ್ಡಿಲ್ಲ ಅಂತೀರಿ, ಸರಿ, ಆದ್ರೆ ಬದಿ ಚರಂಡಿ ಬಿಡಿಸೋಕೆ, ಮೋರಿ ಕಸ ತೆಗೆಸೋಕೆ ಅಷ್ಟು ದುಡ್ಡು ಬೇಡ. ದರೆಯಿಂದ ಇಳಿಯೋ ನೀರಿಗೆ ಬದಿಲಿ ದಾರಿ ಇಲ್ಲದಿದ್ರೆ ಅದು ರಸ್ತೆ ಮೇಲೇ ಚಕ್ರದ ಜಾಡಲ್ಲಿ ಹರಿಯುತ್ತೆ, ಜಾಡು ಆಳ ಆಗುತ್ತೆ, ನಡು ದಿಬ್ಬ ಎದ್ದು ಹೌಸಿಂಗಿಗೆ ಹೊಡೆಯುತ್ತೆ. ಮೇ ತಿಂಗಳ ಕೊನೆ ಒಳಗೆ, ಮಳೆ ಹಿಡಿಯೋ ಮುಂಚೆ, ತೋಟದ ರಸ್ತೆಗಳ ಚರಂಡಿ ಒಂದು ಸಲ ಜೆಸಿಬಿಲಿ ಬಿಡಿಸಿ ಕೊಟ್ರೆ 42 ಮಿಲಿಮೀಟರಿಗೆ ಇಷ್ಟು ಅಪಾಯ ಮೈಮೇಲೆ ಎಳ್ಕೊಳ್ಳೋ ಅಗತ್ಯ ಎಷ್ಟೋ ಜನಕ್ಕೆ ಇರಲ್ಲ. ನಮ್ಮ ಹೋಬಳಿಯ ಗ್ರಾಮಸಭೇಲಿ ಇದನ್ನ ಎತ್ತಬೇಕು ಅಂತಿದೀನಿ, ಬೇರೆ ಊರಿನ ಓದುಗರೂ ಅವರವರ ಸಭೇಲಿ ಎತ್ತಲಿ.

ಇಂತಿ,
ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ಹೊಸನಗರ ತಾಲ್ಲೂಕು